ಬರೆದದ್ದನ್ನು ಕಿವಿಗೆ ಕೊಡಿ

ಬಸವನಗುಡಿಯ ವಾಚನಾಲಯವೊಂದರ ಮಹಡಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳ ಬರಹ ರೂಪ ಇದು. ಹೇಳಿದ್ದನ್ನು ಆದಷ್ಟೂ ಹೇಳಿದ ಹಾಗೇ ಉಳಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ರಜೆಯ ದಿನ ಬೆಳಿಗ್ಗೆ ಹತ್ತಕ್ಕೇ ಇಷ್ಟು ಜನ ಬಂದಿದ್ದೀರಿ, ಅದರಲ್ಲೂ ಮೂವತ್ತು ದಾಟದವರೇ ಹೆಚ್ಚು. ಬಾಗಿಲಲ್ಲಿ ಹೆಸರು ಬರೆಸಿಕೊಳ್ಳುವಾಗ ‘ಯಾಕೆ ಬಂದಿರಿ’ ಅಂತ ಒಂದು ಸಾಲು ಬರೆಯಲು ಕೇಳಿದ್ದೆವು. ಎಷ್ಟೋ ಜನ ಹೆಚ್ಚುಕಡಿಮೆ ಒಂದೇ ಮಾತು ಬರೆದಿದ್ದೀರಿ: “ಕನ್ನಡ ಮಾತಾಡೋಕೆ ಬರತ್ತೆ, ಬರೆಯೋಕೆ ಕೂತರೆ ಬರಲ್ಲ.” ಚೀಟಿಗಳನ್ನು ಓದುತ್ತಾ ನನಗೆ ಖುಷಿಯಾಯಿತು. ಎಷ್ಟು ಚೆನ್ನಾಗಿದೆ ನೋಡಿ ಆ ಸಾಲು. ಆರೇ ಪದ. ತೊಂದರೆ ಏನು ಅನ್ನುವುದು ಪೂರ್ತಿ ಬಂದಿದೆ. ಬರೆಯೋಕೆ ಬರಲ್ಲ ಅನ್ನುವವರ ಕೈಯಿಂದಲೇ ಬಂದ ಸಾಲು ಅದು. ಇವತ್ತಿನ ನನ್ನ ಮಾತೆಲ್ಲ ಆ ಸಾಲಿನ ಸುತ್ತಲೇ.

ನಾನು ಮೊದಲು ಕೆಲಸಕ್ಕೆ ಸೇರಿದ್ದು ಚಾಮರಾಜಪೇಟೆಯ ಒಂದು ಅಚ್ಚುಕೂಟಕ್ಕೆ. ಆಗಿನ್ನೂ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲ. ನನಗೆ ಹತ್ತೊಂಬತ್ತು ವರ್ಷ. ಕೆಲಸ ಏನೆಂದರೆ, ಲೇಖಕರ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಿ ಹೇಳುವುದು. ಎದುರಿಗೆ ಕರಡು ತಿದ್ದುವ ಹಿರಿಯರೊಬ್ಬರು ಅಚ್ಚಾದ ಹಾಳೆ ಹಿಡಿದು ಕೂತಿರುತ್ತಿದ್ದರು. ನಾನು ಓದಿದ್ದಕ್ಕೂ ಅವರ ಮುಂದಿನ ಹಾಳೆಗೂ ತಾಳೆಯಾಗದ ಕಡೆ ಅವರು ಗುರುತು ಹಾಕುತ್ತಿದ್ದರು. ಅಲ್ಪವಿರಾಮ, ಪೂರ್ಣವಿರಾಮ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕಿತ್ತು. ದಿನಕ್ಕೆ ಐದಾರು ಗಂಟೆ ಬರೀ ಓದಿ ಹೇಳುವುದು. ಅರ್ಥ ನೋಡುವುದು ನನ್ನ ಕೆಲಸವಲ್ಲ, ಅಕ್ಷರ ಬಿಡದಂತೆ ಹೇಳಿದರಾಯಿತು.

ಕೆಲವು ತಿಂಗಳಾದ ಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ಕೆಲವರ ಹಸ್ತಪ್ರತಿ ನಲವತ್ತು ಪುಟ ಓದಿದರೂ ದಣಿವಾಗುತ್ತಿರಲಿಲ್ಲ. ಇನ್ನು ಕೆಲವರದು ಎರಡನೇ ಪುಟಕ್ಕೇ ಗಂಟಲು ಒಣಗಿ ನೀರು ಬೇಕಾಗುತ್ತಿತ್ತು. ಪದಗಳು ಕಷ್ಟವಾಗಿದ್ದವು ಅಂತಲ್ಲ. ಹಳಗನ್ನಡ ತುಂಬಿದ ಪಂಡಿತರ ಲೇಖನವೂ ಕೆಲವೊಮ್ಮೆ ನೀರು ಹರಿದ ಹಾಗೆ ಹರಿಯುತ್ತಿತ್ತು. ದಿನಬಳಕೆಯ ಮಾತಿನಲ್ಲೇ ಬರೆದ ವರದಿ ಹೆಜ್ಜೆಹೆಜ್ಜೆಗೂ ತೊಡರುತ್ತಿತ್ತು. ಇದನ್ನು ಆ ಹಿರಿಯರಿಗೆ ಹೇಳಿದೆ. ಅವರು, “ನಾಲಿಗೆ ತೊಡರಿದ ಕಡೆ ಪೆನ್ಸಿಲಲ್ಲಿ ಸಣ್ಣದೊಂದು ಗೀಟು ಹಾಕ್ಕೊಳಪ್ಪ. ಸಾಯಂಕಾಲ ಕೂತು ಆ ಗೀಟುಗಳನ್ನ ಮಾತ್ರ ನೋಡೋಣ,” ಅಂದರು.

ನೋಡಿದೆವು. ವಾರಗಟ್ಟಲೆ ನೋಡಿದೆವು. ಗೀಟು ಬಿದ್ದ ಕಡೆಯೆಲ್ಲ ಎರಡರಲ್ಲಿ ಒಂದು ಆಗಿರುತ್ತಿತ್ತು. ಒಂದೋ, ಹೇಳಬೇಕಾದದ್ದು ಏನು ಅಂತ ಬರೆದವರಿಗೇ ಅಲ್ಲಿ ಸ್ಪಷ್ಟವಿರಲಿಲ್ಲ. ಇಲ್ಲವೇ, ಸ್ಪಷ್ಟವಿದ್ದರೂ ಅದನ್ನು ನೇರವಾಗಿ ಹೇಳಲು ಅವರು ಹಿಂಜರಿದಿದ್ದರು. ನಾಲಿಗೆಗೆ ವ್ಯಾಕರಣ ಗೊತ್ತಿರಲಿಲ್ಲ, ಆದರೂ ಅದು ಸರಿಯಾದ ಜಾಗದಲ್ಲೇ ಎಡವುತ್ತಿತ್ತು. ಬರವಣಿಗೆಯ ಬಗ್ಗೆ ಆಮೇಲೆ ನಾನು ಕಲಿತದ್ದೆಲ್ಲ ಇದರ ಮೇಲೆ ಕಟ್ಟಿದ್ದು.

ನಮ್ಮ ಭಾಷೆಗೆ ಇದು ಹೊಸ ವಿಚಾರವೂ ಅಲ್ಲ. ನಮ್ಮ ಕಾವ್ಯ ಶತಮಾನಗಟ್ಟಲೆ ಉಳಿದದ್ದು ಕಿವಿಯ ಮೂಲಕ. ಗಮಕದಲ್ಲಿ ಒಬ್ಬರು ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ, ಓದು ಬಾರದವರೂ ಕೂತು ಕುಮಾರವ್ಯಾಸನನ್ನು ಕೇಳುತ್ತಾರೆ. 9ನೇ ಶತಮಾನದ ‘ಕವಿರಾಜಮಾರ್ಗ’ ಈ ನಾಡಿನ ಜನ ಓದಿ ಕಲಿಯದೆಯೂ ಕಾವ್ಯದ ಪ್ರಯೋಗದಲ್ಲಿ ಪರಿಣತರು ಅನ್ನುತ್ತದೆ. ಅದನ್ನು ಹೊಗಳಿಕೆ ಅಂತ ವೇದಿಕೆಗಳಲ್ಲಿ ಹೇಳಿ ಮುಗಿಸುತ್ತೇವೆ. ನನಗೆ ಅದರಲ್ಲಿ ಒಂದು ಸೂಚನೆ ಕಾಣುತ್ತದೆ: ಆ ಪರಿಣತಿ ಬಂದದ್ದು ಕೇಳಿ ಕೇಳಿ. ನಿಮ್ಮ ಮನೆಯ ಅಜ್ಜಿ ಒಂದು ಜಗಳವನ್ನು ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತಾರಲ್ಲ, ಅವರು ಯಾವ ಕಾರ್ಯಾಗಾರಕ್ಕೂ ಹೋದವರಲ್ಲ. ನಿಮ್ಮ ಬಾಯಿಗೂ ಅದು ಬರುತ್ತದೆ. ಕೈಗೆ ಪೆನ್ನು ಬಂದ ಕೂಡಲೇ ಏನಾಗುತ್ತದೆ ಅನ್ನುವುದೇ ಪ್ರಶ್ನೆ.

ಏನಾಗುತ್ತದೆ ಅಂದರೆ, ನಾವು ಇನ್ನೊಂದು ಕನ್ನಡಕ್ಕೆ ಹೊರಟುಹೋಗುತ್ತೇವೆ. ಒಂದು ಉದಾಹರಣೆ ಕೊಡುತ್ತೇನೆ. ನಾನಿರುವ ಅಪಾರ್ಟ್‌ಮೆಂಟಿನ ಲಿಫ್ಟಿನ ಪಕ್ಕ ಒಂದು ಸಲ ಹೀಗೊಂದು ಸೂಚನೆ ಅಂಟಿಸಿದ್ದರು: “ತಾಂತ್ರಿಕ ಕಾರಣಗಳಿಂದಾಗಿ ನೀರು ಸರಬರಾಜಿನಲ್ಲಿ ವ್ಯತ್ಯಯ ಉಂಟಾಗುವ ಸಾಧ್ಯತೆ ಇರುವುದರಿಂದ ಎಲ್ಲಾ ನಿವಾಸಿಗಳು ಸಹಕರಿಸಬೇಕಾಗಿ ಈ ಮೂಲಕ ಕೋರಲಾಗಿದೆ.” ಅದನ್ನು ಬರೆದವರು ನಮ್ಮ ಸಂಘದ ಕಾರ್ಯದರ್ಶಿ, ಬಹಳ ಕಾಳಜಿಯ ಮನುಷ್ಯ. ಅವತ್ತು ಮೆಟ್ಟಿಲ ಹತ್ತಿರ ಸಿಕ್ಕಾಗ ‘ಏನ್ ಸಾರ್ ನೀರಿಂದು’ ಅಂತ ಕೇಳಿದೆ. ಅವರು ಹೇಳಿದರು: “ನಾಳೆ ಮಂಗಳವಾರ ಬೆಳಿಗ್ಗೆ ಹತ್ತರಿಂದ ಸಾಯಂಕಾಲ ನಾಲ್ಕರವರೆಗೂ ನೀರು ಬರಲ್ಲ. ಸಂಪ್ ತೊಳೀತಿದೀವಿ. ಇವತ್ತೇ ಎರಡು ಬಕೆಟ್ ಜಾಸ್ತಿ ಹಿಡಿದಿಟ್ಕೊಳ್ಳಿ.”

ಯಾವುದು ಒಳ್ಳೆಯ ಬರವಣಿಗೆ? ಅವರ ಬಾಯಲ್ಲಿ ಬಂದದ್ದು. ಅದರಲ್ಲಿ ದಿನ ಇದೆ, ಹೊತ್ತು ಇದೆ, ಕಾರಣ ಇದೆ, ನಾನು ಏನು ಮಾಡಬೇಕು ಅನ್ನುವುದೂ ಇದೆ. ಗೋಡೆಯ ಮೇಲಿನದರಲ್ಲಿ ಈ ನಾಲ್ಕೂ ಇಲ್ಲ. ‘ಸಹಕರಿಸಬೇಕು’ ಅಂದರೆ ಎರಡನೇ ಮಹಡಿಯ ಗೃಹಿಣಿ ಏನು ಮಾಡಬೇಕು? ಮರುದಿನ ಹನ್ನೊಂದು ಗಂಟೆಗೆ ತಲೆಗೆ ಶಾಂಪೂ ಹಾಕಿಕೊಂಡು ನಿಂತವರೊಬ್ಬರಿಗೆ ನೀರು ನಿಂತುಹೋಯಿತು. ಅವರು ಸೂಚನೆಯನ್ನು ಓದಿದ್ದರು.

ಕಾರ್ಯದರ್ಶಿಗಳು ಹಾಗೆ ಯಾಕೆ ಬರೆದರು? ಗೌರವಕ್ಕೆ. ಬರೆದದ್ದು ಗೋಡೆಗೆ ಹತ್ತುತ್ತದೆ, ನಾಲ್ಕು ಜನ ನೋಡುತ್ತಾರೆ, ಗಂಭೀರವಾಗಿರಬೇಕು ಅನ್ನುವ ಭಾವನೆ. ನಾವೆಲ್ಲ ಆ ಭಾವನೆಯಲ್ಲೇ ಬೆಳೆದವರು. ಶಾಲೆಯಲ್ಲಿ ಪತ್ರಲೇಖನ ಕಲಿಸುವಾಗ ‘ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ’ ಅಂತ ಶುರು ಮಾಡಿಸಿದರು. ಒಳ್ಳೆಯ ಅಂಕ ಕೊಟ್ಟರು. ಆ ಅಂಕ ನಮ್ಮನ್ನು ಇನ್ನೂ ಬಿಟ್ಟಿಲ್ಲ.

ಈಗ ಆ ಸೂಚನೆಯ ಕೊನೆಯ ಪದಕ್ಕೆ ಬನ್ನಿ. ‘ಕೋರಲಾಗಿದೆ.’ ಕೋರಿದವರು ಯಾರು? ಇದೊಂದು ‘ಲಾಗಿದೆ’ಯ ಬಗ್ಗೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಇವತ್ತು ಕನ್ನಡ ಬರವಣಿಗೆಗೆ ಹಿಡಿದಿರುವ ದೊಡ್ಡ ಗೆದ್ದಲು ಇದು ಅನ್ನುವುದು ನನ್ನ ಅಭಿಪ್ರಾಯ. ಕನ್ನಡದ ಕ್ರಿಯಾಪದದಲ್ಲಿ ಒಂದು ದೊಡ್ಡ ಅನುಕೂಲವಿದೆ. ಬಂದೆ ಅಂದರೆ ನಾನು, ಬಂದಳು ಅಂದರೆ ಅವಳು, ಬಂದರು ಅಂದರೆ ಅವರು. ಮಾಡಿದವರು ಯಾರು ಅನ್ನುವುದನ್ನು ಕ್ರಿಯಾಪದವೇ ಹೊತ್ತುಕೊಂಡು ಬರುತ್ತದೆ. ಹಾಗಾಗಿ ‘ನಾನು’, ‘ನೀವು’ ಅಂತ ಪ್ರತಿ ವಾಕ್ಯಕ್ಕೂ ಹಚ್ಚಬೇಕಾಗಿಲ್ಲ. ‘ನಿನ್ನೆ ಬಂದೆ, ನೀವು ಸಿಗಲಿಲ್ಲ’ ಅಂದರೆ ಮುಗಿಯಿತು. ಇಂಥ ಕ್ರಿಯಾಪದದ ಬಾಲ ಕತ್ತರಿಸಿ ‘ಲಾಗಿದೆ’ ಅಂಟಿಸಿದರೆ ಮಾಡಿದ ಮನುಷ್ಯನೇ ಮಾಯ. ‘ಪರಿಶೀಲಿಸಲಾಗಿದೆ’, ‘ತಿರಸ್ಕರಿಸಲಾಗಿದೆ’, ‘ಕ್ರಮ ಕೈಗೊಳ್ಳಲಾಗುವುದು’. ಯಾರು ಪರಿಶೀಲಿಸಿದರು, ಯಾರು ಕ್ರಮ ಕೈಗೊಳ್ಳುತ್ತಾರೆ? ಕಚೇರಿಯ ಕಡತದಲ್ಲಿ ಹೆಸರು ಹೇಳದೆ ಬರೆಯುವುದಕ್ಕೆ ಒಂದು ಕಾರಣ ಇರಬಹುದು. ನೀವು ನಿಮ್ಮ ಪ್ರವಾಸದ ಅನುಭವ ಬರೆಯುವಾಗಲೂ ‘ಬೆಳಿಗ್ಗೆ ಆರು ಗಂಟೆಗೆ ಬೆಟ್ಟವನ್ನು ಹತ್ತಲಾಯಿತು’ ಅಂತ ಬರೆದರೆ ಬೆಟ್ಟ ಹತ್ತಿದ ಕಾಲು ಯಾರದು?

ಇಲ್ಲಿ ಒಂದು ಎಚ್ಚರಿಕೆಯ ಮಾತೂ ಹೇಳಬೇಕು. ಮಾಡಿದವರನ್ನು ಬಿಟ್ಟು ಹೇಳುವ ದಾರಿ ಕನ್ನಡಕ್ಕೆ ತನ್ನದೇ ಇದೆ. ಹಾಲು ಉಕ್ಕಿತು. ಬಾಗಿಲು ಹಾಕಿಕೊಂಡಿತು. ಲೋಟ ಒಡೆದುಹೋಯಿತು. ಮಗು ಬಂದು ‘ಲೋಟ ಒಡೆದುಹೋಯ್ತು’ ಅಂದರೆ ಯಾರು ಒಡೆದದ್ದು ಅಂತ ಅಮ್ಮನಿಗೆ ಗೊತ್ತು, ಆದರೆ ಮಾತು ಮಾತ್ರ ಅಪ್ಪಟ ಕನ್ನಡ. ‘ಲೋಟವು ನನ್ನಿಂದ ಒಡೆಯಲ್ಪಟ್ಟಿತು’ ಅಂತ ಯಾವ ಮಗುವೂ ಹೇಳುವುದಿಲ್ಲ. ಅದು ಕರ್ತರಿ ಪ್ರಯೋಗವನ್ನು ಕರ್ಮಣಿ ಪ್ರಯೋಗಕ್ಕೆ ಬದಲಿಸಿ ಅನ್ನುವ ಪರೀಕ್ಷೆಯ ಪ್ರಶ್ನೆಯಲ್ಲಿ ಮಾತ್ರ ಬದುಕಿರುವ ವಾಕ್ಯ. ವ್ಯತ್ಯಾಸ ಎಲ್ಲಿದೆ ಅಂತ ಹುಡುಕಬೇಕಾಗಿಲ್ಲ, ಜೋರಾಗಿ ಓದಿ, ಕಿವಿಯೇ ಹೇಳುತ್ತದೆ.

ನಮ್ಮ ಊರಿನ ಹೆಸರು ಮೊದಲು ಸಿಗುವುದು ಬೇಗೂರಿನಲ್ಲಿ. ಅಲ್ಲಿಯ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು 890ರ ಒಂದು ಶಾಸನವಿದೆ. ಹೊಸೂರು ರಸ್ತೆಯ ಕಡೆ ಕೆಲಸಕ್ಕೆ ಹೋಗುವವರು ಒಂದು ದಿನ ಬಿಡುವು ಮಾಡಿಕೊಂಡು ನೋಡಿ. ಅದು ಹೇಳುವುದಿಷ್ಟು: ಬೆಂಗಳೂರ ಕಾಳಗದಲ್ಲಿ ಬುಟ್ಟಣ ಸೆಟ್ಟಿ ಸತ್ತ. ಯಾವ ಊರು, ಏನು ನಡೆಯಿತು, ಯಾರು, ಏನಾದ. ಕಲ್ಲು ಕಡಿಯುವವನಿಗೆ ಪ್ರತಿ ಅಕ್ಷರಕ್ಕೂ ಉಳಿಪೆಟ್ಟಿನ ಲೆಕ್ಕ. ಹಾಗಾಗಿ ಇಲ್ಲದಿದ್ದರೂ ನಡೆಯುವುದನ್ನು ಅವನು ಕೊರೆಯಲಿಲ್ಲ. ಅಚ್ಚುಕೂಟದಲ್ಲೂ ಹಾಗೇ. ಕನ್ನಡದ ಒಂದು ಪದಕ್ಕೆ ಅಕ್ಷರದ ಮೊಳೆ ಬೇರೆ, ಒತ್ತಿನ ಮೊಳೆ ಬೇರೆ ಹುಡುಕಿ ಜೋಡಿಸಬೇಕಿತ್ತು. ‘ಸಾಧ್ಯತೆ ಇರುವುದರಿಂದ’ ಅಂತ ಲೇಖಕರು ಸುಮ್ಮನೆ ಬರೆದರೆ ಮೊಳೆ ಜೋಡಿಸುವವರ ಬೆರಳು ನೋಯುತ್ತಿತ್ತು. ಈಗ ಬೆರಳಿಗೆ ನೋವಿಲ್ಲ, ಫೋನಿನಲ್ಲಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ. ಆ ನೋವು ಓದುವವರ ತಲೆಗೆ ಹೋಗಿದೆ.

ಹಾಗಂತ ಎಲ್ಲವನ್ನೂ ನಾಲ್ಕು ಪದದ ವಾಕ್ಯದಲ್ಲಿ ಬರೆಯಿರಿ ಅಂತ ನಾನು ಹೇಳುವುದಿಲ್ಲ. ಸಣ್ಣ ವಾಕ್ಯ ಬರೆಯಿರಿ ಅನ್ನುವ ಸಲಹೆಯನ್ನು ಎಲ್ಲರೂ ಕೊಡುತ್ತಾರೆ, ಕನ್ನಡಕ್ಕೆ ಅದು ಅರ್ಧ ಮಾತ್ರ ಹೊಂದುತ್ತದೆ. ಕನ್ನಡ ಉದ್ದದ ವಾಕ್ಯವನ್ನು ಲೀಲಾಜಾಲವಾಗಿ ಹೊರಬಲ್ಲ ಭಾಷೆ. “ಎದ್ದು, ಮುಖ ತೊಳೆದು, ಹಾಲು ತಂದು, ಮಗಳಿಗೆ ಜಡೆ ಹಾಕಿ, ಡಬ್ಬಿ ಕಟ್ಟಿ, ಅವಳನ್ನು ವ್ಯಾನು ಹತ್ತಿಸಿ ಬಂದು ಕೂತಳು.” ಏಳು ಕೆಲಸ, ಒಂದೇ ವಾಕ್ಯ. ಓದುವಾಗ ಉಸಿರು ಕಟ್ಟಿತೇ? ಇಲ್ಲ. ಬೆಳಗಿನ ಧಾವಂತವೇ ಆ ವಾಕ್ಯದ ನಡಿಗೆಯಲ್ಲಿದೆ. ಇದನ್ನೇ ಏಳು ವಾಕ್ಯ ಮಾಡಿ, ‘ಅವಳು ಎದ್ದಳು. ಅವಳು ಮುಖ ತೊಳೆದಳು’ ಅಂತ ಬರೆದರೆ ಒಂದನೇ ತರಗತಿಯ ಪಾಠವಾಗುತ್ತದೆ.

ಆದರೆ ಇದಕ್ಕೊಂದು ನಿಯಮವಿದೆ, ನಮ್ಮ ಬಾಯಿಗೆ ಗೊತ್ತಿರುವ, ಕೈ ಮರೆಯುವ ನಿಯಮ. ಎದ್ದು, ತೊಳೆದು, ತಂದು ಅನ್ನುತ್ತಾ ಹೋದವಳೇ ಕೊನೆಗೆ ಕೂರಬೇಕು. ಮಧ್ಯದಲ್ಲಿ ಆಳು ಬದಲಾಗಬಾರದು. ‘ಬಸ್ಸಿನಿಂದ ಇಳಿದು ಪರ್ಸು ಕಳೆದುಹೋಯಿತು’ ಅಂತ ಬರೆದರೆ ಪರ್ಸೇ ಬಸ್ಸಿನಿಂದ ಇಳಿದ ಹಾಗಾಗುತ್ತದೆ. ‘ಬಸ್ಸಿನಿಂದ ಇಳಿದು ನೋಡಿಕೊಂಡೆ, ಪರ್ಸು ಇರಲಿಲ್ಲ’ ಅನ್ನಿ, ಸರಿಹೋಗುತ್ತದೆ. ‘ಮಳೆ ಬಂದು ರಸ್ತೆ ಕೊಚ್ಚಿಹೋಯಿತು’ ಅನ್ನುವಲ್ಲಿ ಆಳು ಬದಲಾಗಿದೆಯಲ್ಲ ಅಂತ ನೀವು ಕೇಳಬಹುದು. ಅಲ್ಲಿ ಒಂದು ಇನ್ನೊಂದಕ್ಕೆ ಕಾರಣ, ಹಾಗಾಗಿ ಕಿವಿ ಒಪ್ಪುತ್ತದೆ.

ಉದ್ದದ ವಾಕ್ಯದಲ್ಲಿ ನಿಜವಾಗಿ ಕಾಡುವುದು ಬೇರೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅಲ್ಲಿಯವರೆಗೂ ಓದುವವರು ಎಲ್ಲವನ್ನೂ ಕೈಯಲ್ಲಿ ಹಿಡಿದುಕೊಂಡು ಕಾಯಬೇಕು. ‘ಕಳೆದ ವರ್ಷ ನಮ್ಮ ಬಡಾವಣೆಗೆ ಹೊಸದಾಗಿ ಬಂದ, ಎಲ್ಲರ ಮೆಚ್ಚುಗೆಗೆ ಪಾತ್ರವಾದ, ಮಕ್ಕಳಿಗೆ ಉಚಿತವಾಗಿ ಪಾಠ ಹೇಳಿಕೊಡುತ್ತಿದ್ದ’ ಅಂತ ಹೋಗುತ್ತಲೇ ಇದ್ದರೆ, ಯಾರಪ್ಪ ಅದು ಅಂತ ಓದುವವರು ಕಾಯುತ್ತಾರೆ. ಅದು ಮೇಷ್ಟರೋ, ಮೇಡಮ್ಮೋ, ನಿವೃತ್ತ ಸೈನಿಕರೋ ಇನ್ನೂ ಗೊತ್ತಾಗಿಲ್ಲ. ವಿಶೇಷಣಗಳ ಗಂಟು ಹೊರಿಸಿ ಆಮೇಲೆ ಹೆಸರು ಹೇಳುವುದಕ್ಕಿಂತ, ಮೊದಲು ಮನುಷ್ಯರನ್ನು ಕರೆದು ಕೂರಿಸಿ. ‘ಕಳೆದ ವರ್ಷ ನಮ್ಮ ಬಡಾವಣೆಗೆ ಒಬ್ಬರು ನಿವೃತ್ತ ಸೈನಿಕರು ಬಂದರು. ಮಕ್ಕಳಿಗೆ ದುಡ್ಡಿಲ್ಲದೆ ಪಾಠ ಹೇಳಿಕೊಡುತ್ತಿದ್ದರು.’ ಆಮೇಲೆ ‘ಎಲ್ಲರ ಮೆಚ್ಚುಗೆಗೆ ಪಾತ್ರ’ ಬೇಕೇ ಬೇಕು ಅನ್ನಿಸುವುದಿಲ್ಲ.

ಇಷ್ಟೂ ವಾಕ್ಯದ ಮಾತಾಯಿತು. ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಬರವಣಿಗೆ ಜೊಳ್ಳಾಗುವುದು ಬಹಳ ಸಲ ಭಾಷೆ ಸಾಲದೆ ಅಲ್ಲ, ವಿಷಯ ಸಾಲದೆ. ನಾನು ಭಾನುವಾರದ ತರಗತಿಯಲ್ಲಿ ಒಂದು ಅಭ್ಯಾಸ ಕೊಡುತ್ತೇನೆ: ನಿಮ್ಮ ಮನೆಯ ನಲ್ಲಿಯಲ್ಲಿ ಬರುವ ನೀರಿನ ಬಗ್ಗೆ ಒಂದು ಪುಟ ಬರೆಯಿರಿ. ಮೊದಲ ವಾರ ಬರುವ ಹಾಳೆಗಳಲ್ಲಿ ‘ನೀರು ಜೀವಜಲ’, ‘ನೀರಿಲ್ಲದೆ ಬದುಕಿಲ್ಲ’, ‘ಮುಂದಿನ ಪೀಳಿಗೆಗೆ ಉಳಿಸೋಣ’ ಇಷ್ಟೇ ಇರುತ್ತದೆ. ಬರೆದವರನ್ನು ದೂರುವುದಿಲ್ಲ. ಹೇಳಲು ಏನೂ ಇಲ್ಲದಾಗ ಎಲ್ಲರ ಬಾಯಲ್ಲೂ ಓಡಾಡುವ ಮಾತೇ ಕೈಗೆ ಬರುತ್ತದೆ.

ಎರಡನೇ ವಾರ, ಹೋಗಿ ತಿಳಿದುಕೊಂಡು ಬನ್ನಿ ಅನ್ನುತ್ತೇನೆ. ಹಿರಿಯರನ್ನು ಕೇಳಿ, ಜಲಮಂಡಳಿಯ ಸಿಬ್ಬಂದಿಯನ್ನು ಕೇಳಿ, ಗ್ರಂಥಾಲಯದಲ್ಲಿ ನೋಡಿ. ಆಗ ಏನೇನು ಸಿಗುತ್ತದೆ! ಊರಿನ ಕೆರೆ ಬಾವಿಗಳು ಸಾಲದೆ 1896ರಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂದದ್ದು, 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿಯ ಮೊದಲ ಹಂತ, 2024ರ ಅಕ್ಟೋಬರಿನಲ್ಲಿ ಐದನೇ ಹಂತ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಬರಬೇಕು. ನಮ್ಮ ಊರು ಎತ್ತರದಲ್ಲಿದೆ, ನೀರು ತಾನಾಗಿ ಹರಿದು ಬರುವುದಿಲ್ಲ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಮೂರು ಕಡೆ ಪಂಪು ಮಾಡಿ ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿಸುತ್ತಾರೆ. ಇದನ್ನು ತಿಳಿದುಕೊಂಡು ಬಂದ ಒಬ್ಬ ಹುಡುಗ, ಫುಡ್ ಡೆಲಿವರಿ ಮಾಡುವವನು, ಹೀಗೆ ಬರೆದ: “ನಾನು ದಿನಕ್ಕೆ ನೂರು ಕಿಲೋಮೀಟರ್ ಗಾಡಿ ಓಡಿಸಿ ರಾತ್ರಿ ಮನೆಗೆ ಬಂದು ಮುಖ ತೊಳೆಯುತ್ತೇನೆ. ಆ ನೀರೂ ಅಷ್ಟೇ ದೂರದಿಂದ ಬಂದಿದೆ, ಅದೂ ಬೆಟ್ಟ ಹತ್ತಿಕೊಂಡು.” ಆ ಹಾಳೆಯನ್ನು ಓದುವಾಗ ನನಗೆ ಮಾತು ಹೊರಡಲಿಲ್ಲ. ಅದೇ ಹುಡುಗ ಹಿಂದಿನ ವಾರ ‘ನೀರು ಅಮೂಲ್ಯವಾದುದು’ ಅಂತ ಬರೆದಿದ್ದ. ಒಂದು ವಾರದಲ್ಲಿ ಅವನ ಕನ್ನಡ ಬದಲಾಗಲಿಲ್ಲ. ಅವನಿಗೆ ಹೇಳಲು ಏನೋ ಸಿಕ್ಕಿತ್ತು.

ಇನ್ನು ಅರ್ಜಿಯ ವಿಷಯ. ಕತೆ ಕವನ ಬರೆಯದವರೂ ಅರ್ಜಿ ಬರೆಯಲೇಬೇಕು. ಕಚೇರಿಗಳ ಹೊರಗೆ ಮರದಡಿ ಕೂತು ಅರ್ಜಿ ಬರೆದುಕೊಡುವವರನ್ನು ನೋಡಿರುತ್ತೀರಿ, ಅವರಲ್ಲಿ ಕೆಲವರು ಬಹಳ ಚೆನ್ನಾಗಿ ಬರೆಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಬರವಣಿಗೆ ತಿದ್ದಿಕೊಳ್ಳಲು ಮಾಹಿತಿ ಹಕ್ಕಿನ ಅರ್ಜಿಯಷ್ಟು ಒಳ್ಳೆಯ ಅಭ್ಯಾಸ ಇನ್ನೊಂದಿಲ್ಲ. 2005ರ ಆ ಕಾಯ್ದೆಯಡಿ ಅರ್ಜಿ ಕೊಟ್ಟರೆ ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು, ಅದು ಎಲ್ಲರಿಗೂ ಗೊತ್ತು. ಕರ್ನಾಟಕದ ನಿಯಮದಲ್ಲಿ ಇನ್ನೊಂದು ಮಾತಿದೆ: ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಈ ಮಿತಿ ನಾಗರಿಕರಿಗೆ ತೊಡಕು ಅಂತ ವಾದಿಸುವವರಿದ್ದಾರೆ, ಅವರ ವಾದದಲ್ಲಿ ಹುರುಳಿದೆ. ಬರೆಯುವುದನ್ನು ಕಲಿಯುವವರಿಗೆ ಮಾತ್ರ ಅದು ಒಳ್ಳೆಯ ಗರಡಿ.

ನಮ್ಮ ಬೀದಿಯ ಹಿರಿಯರೊಬ್ಬರು ರಸ್ತೆ ಕಾಮಗಾರಿಯ ಬಗ್ಗೆ ಮೂರು ಪುಟದ ಅರ್ಜಿ ಬರೆದುಕೊಂಡು ಬಂದಿದ್ದರು. ಅದರಲ್ಲಿ ಸಂವಿಧಾನ ಇತ್ತು, ತೆರಿಗೆದಾರರ ಬೆವರು ಇತ್ತು, ‘ಈ ರಸ್ತೆ ಆರೇ ತಿಂಗಳಲ್ಲಿ ಕಿತ್ತುಹೋಗಲು ಕಾರಣವೇನು’ ಅನ್ನುವ ಪ್ರಶ್ನೆ ಇತ್ತು. ಅವರ ಸಿಟ್ಟು ನ್ಯಾಯವಾದದ್ದು. ಆದರೆ ಮಾಹಿತಿ ಕೇಳಲು ಕಾರಣ ಕೊಡಬೇಕಾಗಿಲ್ಲ ಅಂತ ಕಾಯ್ದೆಯೇ ಹೇಳುತ್ತದೆ, ಹಾಗಾಗಿ ಮೊದಲ ಎರಡು ಪುಟ ಬೇಕಿರಲಿಲ್ಲ. ‘ಯಾಕೆ’ ಅಂತ ಕೇಳಿದರೆ ಕಚೇರಿಯವರು ‘ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ’ ಅಂತ ಹಿಂದಕ್ಕೆ ಕಳಿಸಬಹುದು, ಯಾಕೆಂದರೆ ಕೇಳಬೇಕಾದದ್ದು ಅವರ ಬಳಿ ಇರುವ ದಾಖಲೆಯನ್ನು. ಇಬ್ಬರೂ ಕೂತು ತಿದ್ದಿದೆವು. ಯಾವ ರಸ್ತೆ, ಎಲ್ಲಿಂದ ಎಲ್ಲಿಗೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಆ ಕೆಲಸದ ಕಾರ್ಯಾದೇಶದ ಪ್ರತಿ, ಅಳತೆ ಪುಸ್ತಕದ ಪ್ರತಿ, ಕೊಟ್ಟ ಬಿಲ್ಲಿನ ಪ್ರತಿ. ಅರ್ಧ ಪುಟವೂ ಆಗಲಿಲ್ಲ. ಅವರಿಗೆ ಮೊದಲು ಬೇಸರವಾಯಿತು, “ನನ್ನ ಮಾತೇ ಇಲ್ವಲ್ಲ ಇದರಲ್ಲಿ” ಅಂದರು. ಜೋರಾಗಿ ಓದಿ ಅಂದೆ. ಓದಿದರು. ಎರಡನೇ ಸಲ ಓದುವ ಹೊತ್ತಿಗೆ ಅವರ ದನಿ ಗಟ್ಟಿಯಾಗಿತ್ತು. ಅಳತೆ ಪುಸ್ತಕ ಕೇಳುವ ಸಾಲಿನಲ್ಲಿ ಆ ಮೂರು ಪುಟದ ಸಿಟ್ಟೆಲ್ಲ ಇತ್ತು.

ಕಾಗುಣಿತದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಅಲ್ಪಪ್ರಾಣ ಮಹಾಪ್ರಾಣ, ಅಕಾರ ಹಕಾರ, ಶ ಷ ಸ ತಪ್ಪಾಗುತ್ತದೆ ಅನ್ನುವ ನಾಚಿಕೆಯಿಂದ ಬರೆಯುವುದನ್ನೇ ಬಿಟ್ಟವರು ಇಲ್ಲೂ ಇದ್ದೀರಿ. ದಯವಿಟ್ಟು ಬಿಡಬೇಡಿ. ಅದು ತಿದ್ದಲು ಎಲ್ಲಕ್ಕಿಂತ ಸುಲಭದ ತಪ್ಪು. ಒಂದು ನೋಟ್‌ಬುಕ್ಕಿನಲ್ಲಿ ನೀವು ಪದೇ ಪದೇ ತಪ್ಪುವ ಪದ ಬರೆದಿಟ್ಟುಕೊಳ್ಳಿ, ನೂರು ದಾಟುವುದಿಲ್ಲ. ಫೋನಿನಲ್ಲಿ ಸ್ನೇಹಿತರಿಗೆ ಕಳಿಸುವುದನ್ನೂ ಇಂಗ್ಲಿಷ್ ಅಕ್ಷರದಲ್ಲಿ ಒತ್ತದೆ ಕನ್ನಡ ಅಕ್ಷರದಲ್ಲೇ ಬರೆಯಿರಿ. ಒಂದು ತಿಂಗಳು ನಿಧಾನವಾಗುತ್ತದೆ, ಆಮೇಲೆ ಬೆರಳಿಗೆ ದಾರಿ ಸಿಗುತ್ತದೆ. ನಿಘಂಟು ನೋಡುವ ರೂಢಿ ಬೆಳೆಸಿಕೊಳ್ಳಿ. ಕಿಟ್ಟೆಲ್ ಅವರದು 1894ರದ್ದು, ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಇಲ್ಲೇ ಚಾಮರಾಜಪೇಟೆಯಲ್ಲಿರುವ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟ. ಫೋನಿನಲ್ಲೇ ನೋಡಬೇಕೆಂದರೆ ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ‘ಅಲರ್’ ಇದೆ, ಯಾರು ಬೇಕಾದರೂ ಬಳಸಬಹುದು. ಜಿ. ವೆಂಕಟಸುಬ್ಬಯ್ಯನವರನ್ನು ನೆನೆಯದೆ ಈ ಮಾತು ಮುಗಿಸಲಾರೆ. ‘ಇಗೋ ಕನ್ನಡ’ ಅಂಕಣದಲ್ಲಿ ವರ್ಷಾನುಗಟ್ಟಲೆ ಒಂದೊಂದು ಪದದ ಬಗ್ಗೆ ಓದುಗರು ಕೇಳಿದ್ದಕ್ಕೆ ಉತ್ತರ ಬರೆದರು. 2021ರಲ್ಲಿ ತೀರಿಕೊಂಡಾಗ ಅವರಿಗೆ 107 ವರ್ಷ. ಪದವೊಂದರ ಬಗ್ಗೆ ಅನುಮಾನ ಬಂದಾಗ ಎದ್ದು ಹೋಗಿ ನೋಡುವ ತಾಳ್ಮೆ ಅವರಿಂದ ಕಲಿಯಬೇಕಾದದ್ದು.

ಇಲ್ಲಿಗೆ ನಿಲ್ಲಿಸಿ ಪ್ರಶ್ನೆಗಳನ್ನು ಕರೆದೆ.

ಹಿಂದಿನ ಸಾಲಿನಲ್ಲಿದ್ದ ಒಬ್ಬರು ಕೇಳಿದರು: “ಮಾತಾಡಿದ ಹಾಗೇ ಬರೆಯೋದಾದರೆ, ಮಂಗಳೂರಿನವರು ಒಂದು ಥರ, ಧಾರವಾಡದವರು ಒಂದು ಥರ, ನಾವು ಒಂದು ಥರ ಬರೀಬೇಕಾಗತ್ತಲ್ಲ?” ಒಳ್ಳೆಯ ಪ್ರಶ್ನೆ. ಮಾತಿನ ರೂಪವನ್ನು ಹಾಗೇ ಇಳಿಸಬೇಕು ಅಂತಲ್ಲ. ‘ಮಾಡ್ತೀನಿ’ಯನ್ನು ‘ಮಾಡುತ್ತೇನೆ’ ಅಂತ ಬರೆದರೆ ಏನೂ ಕಳೆದುಹೋಗುವುದಿಲ್ಲ, ಎಲ್ಲ ಕಡೆಯವರಿಗೂ ತಲುಪುತ್ತದೆ. ಉಳಿಸಿಕೊಳ್ಳಬೇಕಾದದ್ದು ಮಾತಿನ ನಡಿಗೆ, ಮಾಡಿದವರ ಹೆಸರು, ಕಣ್ಣಿಗೆ ಕಾಣುವ ವಿವರ. ಜೊತೆಗೆ, ಮಾತಿನಲ್ಲಿ ಎದುರಿಗಿರುವವರು ‘ಯಾವಾಗ? ಎಲ್ಲಿ?’ ಅಂತ ಕೇಳಬಲ್ಲರು. ಕಾಗದದ ಮುಂದೆ ಕೂತವರು ಕೇಳಲಾರರು. ಅವರು ಕೇಳಬಹುದಾದದ್ದನ್ನು ನೀವೇ ಮೊದಲು ಕೇಳಿಕೊಂಡು ಉತ್ತರ ಬರೆದಿಡಬೇಕು.

ಇನ್ನೊಬ್ಬರು, ದಿನಕ್ಕೆ ಎಷ್ಟು ಹೊತ್ತು ಬರೆಯಬೇಕು ಅಂತ ಕೇಳಿದರು. ಹೊತ್ತಿನ ಲೆಕ್ಕ ನಾನು ಇಟ್ಟಿಲ್ಲ. ಮೆಟ್ರೋದಲ್ಲಿ ಬರುವಾಗ ಕಂಡ ಒಂದು ಸಂಗತಿಯನ್ನು ರಾತ್ರಿ ಐದು ಸಾಲು ಬರೆಯಿರಿ. ಮರುದಿನ ಬೆಳಿಗ್ಗೆ ಅದನ್ನು ಜೋರಾಗಿ ಓದಿ ತಿದ್ದಿ. ರಾತ್ರಿ ಬರೆದವರೂ ಬೆಳಿಗ್ಗೆ ಓದುವವರೂ ಬೇರೆ ಬೇರೆ ಮನುಷ್ಯರಾಗಿರುತ್ತಾರೆ, ಅದಕ್ಕೇ ರಾತ್ರಿ ಕಳೆಯಬೇಕು.

ಕೊನೆಗೆ ಕಿಟಕಿಯ ಪಕ್ಕ ಕೂತಿದ್ದ ಒಬ್ಬ ಹುಡುಗಿ ಎದ್ದು ನಿಂತಳು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು. ತೀರ್ಥಹಳ್ಳಿಯ ಹತ್ತಿರ ಇರುವ ಅಜ್ಜಿಗೆ ಫೋನಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲ, ಅದಕ್ಕೆ ಪತ್ರ ಬರೆಯಬೇಕು, ಹೇಗೆ ಶುರು ಮಾಡಬೇಕು ಗೊತ್ತಿಲ್ಲ ಅಂದಳು. ‘ಪೂಜ್ಯ ಅಜ್ಜಿಯವರಿಗೆ, ನಿಮ್ಮ ಮೊಮ್ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು’ ಅಂತ ಬರೆದು ನಿಲ್ಲಿಸಿದ್ದಳಂತೆ.

“ಅವರನ್ನ ಏನಂತ ಕರೀತೀಯಮ್ಮ?”

“ಅಮ್ಮಮ್ಮ ಅಂತ.”

“ಹಾಗಂತಲೇ ಶುರು ಮಾಡು.”

ಅಲ್ಲೇ ಕೂತು ಬರೆಯತೊಡಗಿದಳು. ಬೇರೆಯವರ ಪ್ರಶ್ನೆ ಮುಗಿಯುವ ಹೊತ್ತಿಗೆ ಆರೇಳು ಸಾಲು ಆಗಿತ್ತು. ಓದಲು ಒಪ್ಪಿದಳು. ಅಮ್ಮಮ್ಮ ಕೊಟ್ಟು ಕಳಿಸಿದ ಕರಿಬೇವಿನ ಗಿಡ ಬಾಲ್ಕನಿಯಲ್ಲಿ ಚಿಗುರಿದೆ, ಮೊದಲ ಎಲೆಗಳಿಗೆ ಹುಳ ಬಿದ್ದಿತ್ತು, ಮಜ್ಜಿಗೆ ಚಿಮುಕಿಸಿದ ಮೇಲೆ ಸರಿಹೋಯಿತು. ಅಲ್ಲಿಯವರೆಗೂ ಎಲ್ಲೂ ತೊಡರದೆ ಓದಿದಳು. ಆಮೇಲಿನ ಸಾಲಿಗೆ ನಿಂತಳು: “ನಾನು ನಿನ್ನನ್ನು ತುಂಬಾ ಮಿಸ್ ಮಾಡುತ್ತೇನೆ.”

“ಇಲ್ಲಿ ನಿಂತೆಯಲ್ಲ, ಯಾಕೆ?”

“ಗೊತ್ತಿಲ್ಲ. ಅಮ್ಮಮ್ಮನಿಗೆ ಇದು ಅರ್ಥ ಆಗಲ್ಲ ಅನ್ನಿಸ್ತು.”

“ಯಾವಾಗ ಹಾಗನ್ನಿಸತ್ತೆ ನಿನಗೆ?”

ಸ್ವಲ್ಪ ಹೊತ್ತು ಯೋಚಿಸಿ ಆ ಸಾಲು ಹೊಡೆದುಹಾಕಿದಳು. ಅದರ ಕೆಳಗೆ ಬರೆದು, ಈ ಸಲ ತಲೆ ಎತ್ತದೆ ಓದಿದಳು: “ಭಾನುವಾರ ದೋಸೆ ಹುಯ್ಯುವಾಗ ಮೊದಲನೇದು ಯಾವಾಗಲೂ ಕಿತ್ತುಹೋಗತ್ತೆ ಅಮ್ಮಮ್ಮ. ಅದನ್ನ ತಿನ್ನೋಕೆ ಇಲ್ಲಿ ನೀನಿಲ್ಲ.”